ತೂತು ಮತ್ತು ಕೋಡಿ: ಶ್ವಾಸಕೋಶದ ಏರೊತ್ತಡಕ್ಕೆ ನಡೆಯುವ ಹೃದಯ ಚಿಕಿತ್ಸೆಗಳ ಕನ್ನಡ ನಿರೂಪಣೆ

ಕನ್ನಡದಲ್ಲಿ ವೈದ್ಯಕೀಯ ಬರವಣಿಗೆಯ ಪರಂಪರೆ ಚಿಕ್ಕದಲ್ಲ. ಹನ್ನೆರಡನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’, ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ಗಳಿಂದ ಮೊದಲುಗೊಂಡು, ಆಧುನಿಕ ಕಾಲದಲ್ಲಿ ವೈದ್ಯಕೀಯ ಪದಕೋಶಕ್ಕಾಗಿ ದುಡಿದ ಡಾ. ಡಿ.ಎಸ್. ಶಿವಪ್ಪ, ಶ್ವಾಸಕೋಶ ತಜ್ಞರೂ ಸಮೃದ್ಧ ಲೇಖಕರೂ ಆದ ಕಲಬುರಗಿಯ ಡಾ. ಪಿ.ಎಸ್. ಶಂಕರ್ ಅವರವರೆಗೆ ಅದು ಹರಿದುಬಂದಿದೆ. ಆದರೆ ಈ ಪರಂಪರೆಯನ್ನು ಕುರಿತು ಕನ್ನಡ ವಿಭಾಗಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಬಳಿಯೇ ನಿಂತುಬಿಡುತ್ತದೆ. ಇಂಗ್ಲಿಷ್ ಪದಕ್ಕೆ ಸಂಸ್ಕೃತ ಪದವನ್ನು ತರಬೇಕೋ, ದೇಸಿ ಪದವನ್ನು ಕಟ್ಟಬೇಕೋ ಅಥವಾ ಇಂಗ್ಲಿಷನ್ನೇ ಉಳಿಸಿಕೊಳ್ಳಬೇಕೋ ಎಂಬ ತರ್ಕ ಹಳೆಯದು. ಪದ ದೊರೆತ ಮಾತ್ರಕ್ಕೆ ವಿವರಣೆ ದೊರೆಯಿತೆ ಎಂಬ ಪ್ರಶ್ನೆಯನ್ನು ಅಷ್ಟು ಗಂಭೀರವಾಗಿ ಎತ್ತಿಕೊಂಡಂತೆ ಕಾಣುವುದಿಲ್ಲ.

ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಮುಂದಿಡುವ ಒಂದು ರೋಗವೆಂದರೆ ಶ್ವಾಸಕೋಶದ ತೀವ್ರ ಏರೊತ್ತಡ. ಹೃದಯದಲ್ಲಿ ‘ತೂತು’ ಇದ್ದರೆ ಅದು ರೋಗ, ಅದನ್ನು ಮುಚ್ಚುವುದು ಚಿಕಿತ್ಸೆ ಎಂಬುದು ಇಂದು ಓದುಬರಹವಿಲ್ಲದವರಿಗೂ ತಿಳಿದ ಸಂಗತಿ. ಈ ರೋಗದ ತೀವ್ರಾವಸ್ಥೆಯಲ್ಲಿ ಮಾತ್ರ ಈ ತಿಳಿವಳಿಕೆ ತಲೆಕೆಳಗಾಗುತ್ತದೆ. ಹುಟ್ಟಿನಿಂದ ಇರುವ ತೂತನ್ನು ಮುಚ್ಚಬಾರದೆಂದು ವೈದ್ಯರು ಹೇಳುವ ಸಂದರ್ಭ ಬರುತ್ತದೆ. ಇಲ್ಲದ ತೂತನ್ನು ತಾವಾಗಿಯೇ ಮಾಡುವ ಸಂದರ್ಭವೂ ಬರುತ್ತದೆ. ಮಗಳ ಹೃದಯದಲ್ಲಿ ತೂತು ಮಾಡುತ್ತೇವೆ, ಸಹಿ ಹಾಕಿ ಎಂಬ ಮಾತನ್ನು ಒಬ್ಬ ತಾಯಿಗೆ ಯಾವ ಕನ್ನಡದಲ್ಲಿ ಹೇಳಬೇಕು? ಪ್ರಸ್ತುತ ಲೇಖನದಲ್ಲಿ ಈ ಚಿಕಿತ್ಸೆಗಳ ಸ್ವರೂಪವನ್ನೂ ಅವನ್ನು ಹೇಳಲು ಕನ್ನಡದಲ್ಲಿರುವ ತೊಡಕು ಮತ್ತು ಅನುಕೂಲಗಳನ್ನೂ ಒಟ್ಟಾಗಿ ವಿವರಿಸಲಾಗಿದೆ.

ವಿವರಣೆಗೆ ನೆಲೆಯಾಗಿ ಬೆಂಗಳೂರಿನ ದಂಡು ಪ್ರದೇಶವನ್ನೂ ಅದರ ಪೂರ್ವದ ಬಡಾವಣೆಗಳನ್ನೂ ಇಟ್ಟುಕೊಳ್ಳಲಾಗಿದೆ. ೧೮೦೯ರಲ್ಲಿ ಬ್ರಿಟಿಷರ ಸೇನಾನೆಲೆಯಾಗಿ ಆರಂಭವಾದ ದಂಡು ೧೯೪೭ರಲ್ಲಿ ಮೈಸೂರಿನ ಆಡಳಿತಕ್ಕೆ ಮರಳಿ, ೧೯೪೯ರಲ್ಲಿ ಪೇಟೆಯೊಡನೆ ಒಂದೇ ನಗರಪಾಲಿಕೆಯಾಯಿತು. ಆಡಳಿತ ಒಂದಾದರೂ ಮಾತು ಒಂದಾಗಲಿಲ್ಲ. ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಲ್ಲಾಗಲಿ, ಅಲ್ಲಿಂದ ದೂರವಿಲ್ಲದ ಗೋಷಾ ಹೆರಿಗೆ ಆಸ್ಪತ್ರೆಯಲ್ಲಾಗಲಿ ಕನ್ನಡ, ತಮಿಳು, ದಖನಿ, ತೆಲುಗುಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಹಲಸೂರು, ಇಂದಿರಾನಗರಗಳನ್ನು ದಾಟಿ ಕೃಷ್ಣರಾಜಪುರಕ್ಕೆ ಬಂದರೆ ಕೋಲಾರದ ಕಡೆಯ ಕನ್ನಡವೂ ತೆಲುಗೂ ಕೂಡಿಕೊಳ್ಳುತ್ತವೆ. ಅಲ್ಲಿಂದ ಮುಂದೆ ವೈಟ್‌ಫೀಲ್ಡ್‌ನಲ್ಲಿ ೨೦೦೧ರ ಜನವರಿಯಲ್ಲಿ ಆರಂಭವಾದ ಶ್ರೀ ಸತ್ಯಸಾಯಿ ಉನ್ನತ ವೈದ್ಯಕೀಯ ವಿಜ್ಞಾನ ಸಂಸ್ಥೆ ಹೃದಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ನೀಡುವುದರಿಂದ, ಹೃದ್ರೋಗದ ಮಾತು ಈ ಭಾಗದ ಬಡ ಕುಟುಂಬಗಳಿಗೆ ಅಪರಿಚಿತವಲ್ಲ.

ರೋಗದ ಸ್ವರೂಪ

ಹೃದಯ ಒಂದೇ ಅಂಗವಾದರೂ ಮಾಡುವುದು ಎರಡು ಪಂಪುಗಳ ಕೆಲಸ. ದೇಹದಿಂದ ಮರಳಿದ ರಕ್ತವನ್ನು ಬಲಭಾಗ ಶ್ವಾಸಕೋಶಕ್ಕೆ ದೂಡುತ್ತದೆ. ಅಲ್ಲಿ ಆಮ್ಲಜನಕವನ್ನು ಪಡೆದು ಬಂದ ರಕ್ತವನ್ನು ಎಡಭಾಗ ಇಡೀ ದೇಹಕ್ಕೆ ದೂಡುತ್ತದೆ. ಎರಡೂ ಕಡೆ ಹರಿಯುವ ಪ್ರಮಾಣ ಒಂದೇ, ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು ೫ ಲೀಟರು. ಒತ್ತಡ ಮಾತ್ರ ಬೇರೆ. ದೇಹದ ಮಹಾಅಪಧಮನಿಯಲ್ಲಿ ಸರಾಸರಿ ಒತ್ತಡ ಪಾದರಸದ ೯೦ ಮಿಲಿಮೀಟರಿನ ಆಸುಪಾಸು ಇದ್ದರೆ, ಶ್ವಾಸಕೋಶದ ಅಪಧಮನಿಯಲ್ಲಿ ಅದು ೧೪ರಷ್ಟು. ಶ್ವಾಸಕೋಶದ ನಾಳಗಳು ಮೃದುವಾಗಿ, ವಿಶಾಲವಾಗಿ ಹರಡಿಕೊಂಡಿರುವುದರಿಂದ ಅಷ್ಟು ಕಡಿಮೆ ಒತ್ತಡದಲ್ಲೇ ಅಷ್ಟೂ ರಕ್ತ ಹಾದುಹೋಗುತ್ತದೆ. ಹೃದಯದ ಬಲ ಹೃತ್ಕುಕ್ಷಿಯ ಗೋಡೆ ತೆಳುವಾಗಿರುವುದು ಈ ಕಾರಣದಿಂದಲೇ. ಹೆಚ್ಚು ಬಲ ಅದಕ್ಕೆ ಬೇಕಾಗಿಲ್ಲ.

ಈ ನಾಳಗಳು ಸಂಕುಚಿತಗೊಂಡರೆ, ಗೋಡೆ ದಪ್ಪವಾದರೆ, ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡರೆ ಅಥವಾ ಮುಂದಿನ ಎಡಭಾಗದಲ್ಲಿ ತಡೆಯಿದ್ದು ಒತ್ತಡ ಹಿಂದಕ್ಕೆ ಏರಿದರೆ ಬಲ ಹೃತ್ಕುಕ್ಷಿ ತನ್ನ ಶಕ್ತಿಗೆ ಮೀರಿ ದೂಡಬೇಕಾಗುತ್ತದೆ. ಮೊದಲು ದಪ್ಪವಾಗುತ್ತದೆ, ಆಮೇಲೆ ಹಿಗ್ಗುತ್ತದೆ, ಕೊನೆಗೆ ಸೋಲುತ್ತದೆ. ಸರಾಸರಿ ಒತ್ತಡ ೨೫ ಮುಟ್ಟಿದರೆ ರೋಗವೆಂದು ೧೯೭೩ರ ಜಿನೀವಾ ಸಮಾವೇಶದಿಂದ ಬಹುಕಾಲ ಎಣಿಸಲಾಗುತ್ತಿತ್ತು. ೨೦೨೨ರ ಯುರೋಪಿನ ಮಾರ್ಗಸೂಚಿ ಈ ಗೆರೆಯನ್ನು ೨೦ಕ್ಕಿಂತ ಹೆಚ್ಚು ಎಂದು ತಗ್ಗಿಸಿತು. ತೀವ್ರಾವಸ್ಥೆಯಲ್ಲಿ ಶ್ವಾಸಕೋಶದ ಒತ್ತಡ ದೇಹದ ಒತ್ತಡಕ್ಕೆ ಸಮನಾಗುವುದೂ ಅದನ್ನು ಮೀರುವುದೂ ಉಂಟು. ಕಾರಣ ತಿಳಿಯದೆ ಬರುವ ಬಗೆಯಲ್ಲಿ, ಈಗಿನ ಔಷಧಗಳು ಇಲ್ಲದಿದ್ದ ಕಾಲದ ಅಮೆರಿಕದ ರೋಗಿಗಳ ದಾಖಲೆಯೊಂದು ೧೯೯೧ರಲ್ಲಿ ಪ್ರಕಟವಾಯಿತು. ರೋಗ ಖಚಿತವಾದ ಮೇಲೆ ರೋಗಿಗಳಲ್ಲಿ ಅರ್ಧದಷ್ಟು ಮಂದಿ ೨.೮ ವರ್ಷಗಳೊಳಗೆ ತೀರಿಕೊಂಡಿದ್ದರು.

ಲಕ್ಷಣಗಳು ಸಾಮಾನ್ಯವಾದವು: ಮೆಟ್ಟಿಲು ಹತ್ತಿದರೆ ಏದುಸಿರು, ಸುಸ್ತು, ಓಡಿದಾಗ ತಲೆಸುತ್ತಿ ಬೀಳುವುದು, ಕಾಲಿನ ಬಾವು. ಭಾಷೆಯ ಮೊದಲ ತೊಡಕು ಇಲ್ಲಿಯೇ ಇದೆ. ‘ಉಬ್ಬಸ’ ಎಂಬ ಪದ ಉಸಿರಾಟದ ಕಷ್ಟವನ್ನೂ ಸೂಚಿಸುತ್ತದೆ, ಆಸ್ತಮಾ ರೋಗವನ್ನೂ ಸೂಚಿಸುತ್ತದೆ. ಉಬ್ಬಸ ಎಂದು ಹೇಳಿಕೊಂಡು ಬಂದವರಿಗೆ ಉಬ್ಬಸದ ಔಷಧ ದೊರೆಯುವುದು ಅಸಹಜವಲ್ಲ. ಹರೆಯದ ಹೆಣ್ಣುಮಕ್ಕಳ ಸುಸ್ತಿಗೆ ‘ರಕ್ತ ಕಡಿಮೆ’ ಎಂಬ ವಿವರಣೆ ಮನೆಯಲ್ಲೇ ಸಿದ್ಧವಾಗಿರುತ್ತದೆ. ಈ ಎರಡು ಮಾತುಗಳ ನಡುವೆ ರೋಗ ಗುರುತು ಸಿಗದೆ ವರ್ಷಗಳು ಕಳೆಯಬಹುದು. ಹೆರಿಗೆಯ ಹೊತ್ತಿನಲ್ಲಿ ಇದು ಅಪಾಯಕಾರಿ. ಹೃದಯದ ತೂತಿನಿಂದ ಶ್ವಾಸಕೋಶದ ನಾಳಗಳು ಕೆಟ್ಟ ಸ್ಥಿತಿಯಲ್ಲಿ ಬಸಿರಾದ ಸ್ತ್ರೀಯರಲ್ಲಿ ಮೂರನೆಯ ಒಂದರಿಂದ ಅರ್ಧದವರೆಗೂ ಮರಣವನ್ನು ಹಳೆಯ ವರದಿಗಳು ದಾಖಲಿಸಿವೆ.

‘ಒತ್ತಡ’ ಎಂಬ ಪದದ್ದು ಇನ್ನೊಂದು ತೊಡಕು. ಇಂದಿನ ಕನ್ನಡದಲ್ಲಿ ಅದು ಮನಸ್ಸಿನ ಒತ್ತಡವೆಂದೇ ಮೊದಲು ಕೇಳಿಸುತ್ತದೆ. ‘ಬಿಪಿ’ ಎಂದರೆ ತೋಳಿಗೆ ಪಟ್ಟಿ ಸುತ್ತಿ ನೋಡುವುದು. ಆ ಪಟ್ಟಿಗೆ ಶ್ವಾಸಕೋಶದ ಒತ್ತಡ ಸಿಗುವುದಿಲ್ಲ. ಬಿಪಿ ಸರಿಯಾಗಿದೆ ಎಂದು ನಿನ್ನೆ ಕೇಳಿದ ಮನೆಯವರಿಗೆ ಇಂದು ಬಿಪಿ ಬಹಳ ಹೆಚ್ಚಾಗಿದೆ ಎಂದರೆ ಯಾರೋ ಒಬ್ಬ ವೈದ್ಯರು ತಪ್ಪು ಹೇಳಿದ್ದಾರೆ ಎಂದೇ ಅನ್ನಿಸುತ್ತದೆ. ಎಕೋ ಪರೀಕ್ಷೆಯಿಂದ ಈ ಒತ್ತಡವನ್ನು ಅಂದಾಜು ಮಾಡಬಹುದು. ಖಚಿತ ಅಳತೆಗೆ ತೊಡೆಯ ಅಥವಾ ಕತ್ತಿನ ಅಭಿಧಮನಿಯ ಮೂಲಕ ಸಣ್ಣ ಕೊಳವೆಯನ್ನು ಹೃದಯದ ಬಲಭಾಗಕ್ಕೇ ಕಳಿಸಬೇಕು. ೧೯೨೯ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಇಂತಹ ಕೊಳವೆಯನ್ನು ತನ್ನದೇ ತೋಳಿನ ನಾಳದಿಂದ ಹೃದಯಕ್ಕೆ ತೂರಿಸಿಕೊಂಡು, ಕ್ಷ-ಕಿರಣದ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿದ್ದ. ಇಂದಿನ ಎಲ್ಲ ಕೊಳವೆ ಚಿಕಿತ್ಸೆಗಳಿಗೂ ಅದೇ ಮೂಲ. ೧೯೫೬ರಲ್ಲಿ ಅವನಿಗೆ ಇನ್ನಿಬ್ಬರೊಡನೆ ನೊಬೆಲ್ ಬಹುಮಾನ ಬಂತು.

ಶುದ್ಧ, ಅಶುದ್ಧ ಮತ್ತು ದಿಕ್ಕು

ಈ ರೋಗವನ್ನು ಕನ್ನಡದಲ್ಲಿ ಹೇಳುವಾಗ ಎದುರಾಗುವ ದೊಡ್ಡ ಅಡ್ಡಿ ಶಾಲೆಯಲ್ಲಿ ಕಲಿತ ಒಂದು ವ್ಯಾಖ್ಯೆ. ಅಪಧಮನಿ ಶುದ್ಧ ರಕ್ತವನ್ನು ಒಯ್ಯುತ್ತದೆ, ಅಭಿಧಮನಿ ಅಶುದ್ಧ ರಕ್ತವನ್ನು ಒಯ್ಯುತ್ತದೆ; ಶ್ವಾಸಕೋಶದ ಅಪಧಮನಿ ಮಾತ್ರ ಇದಕ್ಕೆ ಅಪವಾದ ಎಂದು ತಲೆಮಾರುಗಳ ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಈ ಅಪವಾದವೇ ಇಲ್ಲಿನ ರೋಗಸ್ಥಾನ.

ಆದರೆ ಪದಗಳನ್ನೇ ಬಿಡಿಸಿ ನೋಡಿದರೆ ಅಪವಾದವೆಂಬುದೇ ಇಲ್ಲ. ‘ಅಪ’ ಎಂಬ ಉಪಸರ್ಗಕ್ಕೆ ದೂರಕ್ಕೆ, ಆಚೆಗೆ ಎಂಬ ಅರ್ಥವಿದೆ. ಅಪಹರಣ, ಅಪಸರಣ ಮುಂತಾದ ಪದಗಳಲ್ಲಿ ಅದನ್ನು ಕಾಣಬಹುದು. ‘ಅಭಿ’ ಎಂಬುದಕ್ಕೆ ಕಡೆಗೆ, ಎದುರಿಗೆ ಎಂಬ ಅರ್ಥ. ಅಭಿಮುಖ, ಅಭ್ಯಾಗತ ಎಂಬಲ್ಲಿರುವುದು ಅದೇ. ಹೃದಯದಿಂದ ಆಚೆಗೆ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ಪದಗಳು ದಿಕ್ಕನ್ನು ಹೇಳುತ್ತವೆಯೇ ಹೊರತು ಶುದ್ಧಿಯನ್ನಲ್ಲ. ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳವನ್ನು ಅಪಧಮನಿ ಎಂದು ಕರೆಯುವುದು ಈ ಪ್ರಕಾರ ನಿಯಮಬದ್ಧವಾಗಿಯೇ ಇದೆ. ಪದ ಸರಿಯಾಗಿದ್ದು ಅದರ ಪಾಠ ತಪ್ಪಿದೆ. ಬಳಕೆಯ ಕನ್ನಡದಲ್ಲಿ ‘ಅಪ’ ಎಂದೊಡನೆ ಅಪಶಕುನ, ಅಪಮಾನಗಳ ಕೆಡುಕಿನ ಧ್ವನಿಯೇ ಮುಂದಾಗುವುದೂ ಈ ಮರೆವಿಗೆ ಕಾರಣವಿರಬಹುದು. ಕನ್ನಡದ ಅಧ್ಯಾಪಕರು ಉಪಸರ್ಗಗಳನ್ನು ಪಾಠ ಮಾಡುವಾಗ ಈ ಜೋಡಿಯನ್ನು ಉದಾಹರಣೆಯಾಗಿ ಕೊಟ್ಟರೆ ವ್ಯಾಕರಣಕ್ಕೂ ವಿಜ್ಞಾನಕ್ಕೂ ಉಪಕಾರವಾದೀತು.

ಶುದ್ಧಾಶುದ್ಧದ ಮಾತು ಚಿಕಿತ್ಸೆಯ ಕೋಣೆಗೆ ಬಂದಾಗ ಇನ್ನಷ್ಟು ತೊಂದರೆಯಾಗುತ್ತದೆ. ‘ಕೆಟ್ಟ ರಕ್ತ ಒಳ್ಳೆಯ ರಕ್ತದಲ್ಲಿ ಬೆರೆಯುತ್ತಿದೆ’ ಎಂಬುದು ಹೃದಯದ ತೂತನ್ನು ವಿವರಿಸಲು ಆಗಾಗ ಬಳಕೆಯಾಗುವ ವಾಕ್ಯ. ಕೇಳುವವರಿಗೆ ಅದು ವಿಷ ಬೆರೆತಂತೆ, ಮೈಲಿಗೆಯಾದಂತೆ ತೋರುತ್ತದೆ. ವಾಸ್ತವದಲ್ಲಿ ‘ಕೆಟ್ಟ’ ರಕ್ತವೆಂದರೆ ಆಮ್ಲಜನಕವನ್ನು ಕೊಟ್ಟು ಮರಳುತ್ತಿರುವ ಅದೇ ರಕ್ತ. ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಮುಂದೆ ವೈದ್ಯರೇ ಈ ಬೆರಕೆಯನ್ನು ಉಂಟುಮಾಡುವ ಸಂದರ್ಭ ಬಂದಾಗ, ಹಿಂದೆ ಆಡಿದ ಈ ವಾಕ್ಯ ಅವರ ದಾರಿಗೇ ಅಡ್ಡ ನಿಲ್ಲುತ್ತದೆ.

ಮುಚ್ಚಬಾರದ ತೂತು

ಹೃದಯದ ಎಡ ಮತ್ತು ಬಲ ಭಾಗಗಳ ನಡುವಣ ಗೋಡೆಯಲ್ಲಿ ಹುಟ್ಟಿನಿಂದ ರಂಧ್ರವಿದ್ದರೆ, ಒತ್ತಡ ಹೆಚ್ಚಿರುವ ಎಡದಿಂದ ಕಡಿಮೆ ಇರುವ ಬಲಕ್ಕೆ ರಕ್ತ ನುಗ್ಗುತ್ತದೆ. ಶ್ವಾಸಕೋಶಕ್ಕೆ ಅಗತ್ಯಕ್ಕಿಂತ ಹೆಚ್ಚು ರಕ್ತ ಹರಿದು, ವರ್ಷಗಳ ಹೊಡೆತಕ್ಕೆ ಅಲ್ಲಿನ ಸಣ್ಣ ನಾಳಗಳು ದಪ್ಪವಾಗಿ ಗಡುಸಾಗುತ್ತವೆ. ಸಕಾಲದಲ್ಲಿ ಹೊಲಿಗೆ ಹಾಕಿ, ಇಲ್ಲವೇ ಕೊಳವೆಯ ಮೂಲಕ ಕೊಡೆಯಂತೆ ಬಿಚ್ಚಿಕೊಳ್ಳುವ ಸಾಧನವನ್ನು ಇಟ್ಟು ಮುಚ್ಚಿದರೆ ಮಗು ಎಲ್ಲರಂತೆ ಬೆಳೆಯುತ್ತದೆ. ತಡವಾದರೆ ಬಲಭಾಗದ ಒತ್ತಡ ಎಡಭಾಗವನ್ನು ಮೀರಿ, ಹರಿವಿನ ದಿಕ್ಕೇ ಬದಲಾಗುತ್ತದೆ. ತುಟಿ, ಉಗುರುಗಳು ನೀಲಿಯಾಗುತ್ತವೆ. ೧೮೯೭ರಲ್ಲಿ ವಿಕ್ಟರ್ ಐಸೆನ್‌ಮೆಂಗರ್ ಇಂತಹ ಒಬ್ಬ ರೋಗಿಯನ್ನು ವರ್ಣಿಸಿದ. ೧೯೫೮ರಲ್ಲಿ ಲಂಡನ್ನಿನ ಪಾಲ್ ವುಡ್ ಈ ಸ್ಥಿತಿಯ ಸಮಗ್ರ ವಿವರಣೆಯನ್ನು ನೀಡಿ ಅದಕ್ಕೆ ಐಸೆನ್‌ಮೆಂಗರ್ ಹೆಸರನ್ನು ನೆಲೆಗೊಳಿಸಿದ.

ಈ ಹಂತದಲ್ಲಿ ತೂತನ್ನು ಮುಚ್ಚಿದರೆ ಸೋಲುತ್ತಿರುವ ಬಲ ಹೃತ್ಕುಕ್ಷಿಗೆ ಇದ್ದ ಒಂದೇ ಹೊರದಾರಿ ಮುಚ್ಚಿದಂತೆ. ರೋಗಿ ಉಳಿಯುವುದು ಕಷ್ಟ. ಆದ್ದರಿಂದ ವೈದ್ಯರು ಕೊಳವೆ ಪರೀಕ್ಷೆ ಮಾಡಿ, ಶ್ವಾಸಕೋಶದ ನಾಳಗಳು ಒಡ್ಡುವ ತಡೆಯನ್ನು ಲೆಕ್ಕಹಾಕಿ, ಮುಚ್ಚಬಹುದೇ ಬಾರದೇ ಎಂದು ತೀರ್ಮಾನಿಸುತ್ತಾರೆ. ‘ಮುಚ್ಚಲಾಗುವುದಿಲ್ಲ’ ಎಂಬ ತೀರ್ಮಾನ ಬಡ ಕುಟುಂಬಕ್ಕೆ ತಲುಪುವ ಬಗೆ ಮಾತ್ರ ಬೇರೆ. ಹಣವಿಲ್ಲವೆಂದು, ತಡವಾಗಿ ಬಂದೆವೆಂದು, ದೊಡ್ಡ ಆಸ್ಪತ್ರೆಗೆ ಹೋದರೆ ಮಾಡುತ್ತಾರೆಂದು ಅವರು ತಿಳಿದುಕೊಳ್ಳಬಹುದು. ಇಲ್ಲಿಂದ ಅಲ್ಲಿಗೆ ಅಲೆಯಬಹುದು, ಸಾಲ ಮಾಡಬಹುದು. ತೂತು ಈಗ ರೋಗಿಯ ಪರವಾಗಿದೆ ಎಂಬ ಒಂದು ಮಾತು ಅರ್ಥವಾಗಿದ್ದರೆ ಈ ಅಲೆದಾಟ ತಪ್ಪುತ್ತಿತ್ತು.

ತೊಡಕು ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಕನ್ನಡದ ‘ತೂತು’, ತಮಿಳಿನ ‘ಓಟ್ಟೈ’, ದಖನಿಯ ‘ಸೂರಾಖ್’, ತೆಲುಗಿನ ‘ರಂಧ್ರಂ’ ಇವೆಲ್ಲ ಆಸ್ಪತ್ರೆಯ ಸಾಲಿನಲ್ಲಿ ಹಾಳಾದ ವಸ್ತುವನ್ನೇ ನೆನಪಿಸುತ್ತವೆ. ತೂತು ಬಿದ್ದ ಮಡಕೆಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಕೋಡಿ ಎಂಬ ಪದ

ಈ ತೊಡಕಿನಿಂದ ಬಿಡಿಸಿಕೊಳ್ಳಲು ಬೇಕಾದ ಪದ ಕನ್ನಡದಲ್ಲಿದೆ, ಅದೂ ಈ ಪ್ರದೇಶದ ನೆಲದಲ್ಲಿಯೇ ಇದೆ. ಹಲಸೂರಿನ ಕೆರೆ, ಕೃಷ್ಣರಾಜಪುರದ ವೆಂಗಯ್ಯನ ಕೆರೆ ಮುಂತಾದವುಗಳಿಂದ ಕೂಡಿದ ಪೂರ್ವ ಬೆಂಗಳೂರು ಮೂಲತಃ ಕೆರೆಗಳ ಸೀಮೆ. ಇಂದಿರಾನಗರದ ಅಂಚಿನ ಕೋಡಿಹಳ್ಳಿಯ ಹೆಸರಿನಲ್ಲಿ ಕೆರೆಯ ಒಂದು ಅಂಗದ ಪದ ಇಂದಿಗೂ ಕೇಳಿಸುತ್ತದೆ. ಕೆರೆಗೆ ಏರಿ ಇರುತ್ತದೆ, ತೂಬು ಇರುತ್ತದೆ, ಕೋಡಿ ಇರುತ್ತದೆ. ತೂಬು ಬೇಕಾದಾಗ ಎತ್ತಿ ನೀರು ಬಿಡುವುದಕ್ಕೆ. ಕೋಡಿಯಾದರೋ ನೀರು ಒಂದು ಮಟ್ಟಕ್ಕೆ ಏರಿದಾಗ ತಾನಾಗಿ ಹರಿದು ಏರಿಯನ್ನು ಉಳಿಸುವುದಕ್ಕೆ. ಕೋಡಿಯನ್ನು ಯಾರೂ ಕೆರೆಯ ದೋಷವೆನ್ನುವುದಿಲ್ಲ. ಕೋಡಿ ಬಿದ್ದರೆ ಊರು ಸಂತೋಷಪಡುತ್ತದೆ.

ಔಷಧಗಳು ಸೋತಾಗ ಮಾಡುವ ‘ಹೃತ್ಕರ್ಣದ ಗೋಡೆಯನ್ನು ತೆರೆಯುವ’ ಚಿಕಿತ್ಸೆ ಸರಿಯಾಗಿ ಇಂತಹ ಕೋಡಿ. ಬಲೂನಿನಿಂದ ಈ ಗೋಡೆಯನ್ನು ತೆರೆಯುವ ವಿಧಾನವನ್ನು ೧೯೬೬ರಲ್ಲಿ ಅಮೆರಿಕದ ವಿಲಿಯಂ ರಾಷ್‌ಕಿಂಡ್ ರೂಪಿಸಿದ್ದು ಬೇರೊಂದು ಹುಟ್ಟುದೋಷವುಳ್ಳ ನೀಲಿ ಶಿಶುಗಳಿಗಾಗಿ. ಶ್ವಾಸಕೋಶದ ಏರೊತ್ತಡಕ್ಕೆ ಗೋಡೆ ತೆರೆಯುವ ಉಪಾಯವನ್ನು ಬಳಸಿದ ವರದಿ ೧೯೮೩ರಲ್ಲಿ ಬಂತು. ಅದರಲ್ಲಿ ಬಳಕೆಯಾದದ್ದು ಸಣ್ಣ ಅಲಗು. ಬಲೂನನ್ನು ಹಂತಹಂತವಾಗಿ ಹಿಗ್ಗಿಸುವ ಎಚ್ಚರದ ಕ್ರಮವನ್ನು ೧೯೯೦ರ ದಶಕದಲ್ಲಿ ಮೆಕ್ಸಿಕೋದ ಸ್ಯಾಂಡೊವಾಲ್ ಮತ್ತು ಸಂಗಡಿಗರು ನೆಲೆಗೊಳಿಸಿದರು. ತೊಡೆಯ ಅಭಿಧಮನಿಯಿಂದ ಕೊಳವೆ ಬಲ ಹೃತ್ಕರ್ಣಕ್ಕೆ ಹೋಗುತ್ತದೆ. ಸೂಜಿಯಿಂದ ಗೋಡೆಯನ್ನು ಚುಚ್ಚಿ ಸಣ್ಣ ಬಲೂನಿನಿಂದ ಕೆಲವು ಮಿಲಿಮೀಟರು ಅಗಲಿಸಿ, ರಕ್ತದ ಆಮ್ಲಜನಕವನ್ನು ನೋಡಿ, ಮತ್ತೆ ತುಸು ದೊಡ್ಡ ಬಲೂನು ಹಾಕುತ್ತಾರೆ. ಆಮ್ಲಜನಕದ ಮಟ್ಟ ಶೇ. ೧೦ರಷ್ಟು ತಗ್ಗಿದರೆ ಅಥವಾ ಶೇ. ೮೦ರ ಸಮೀಪಕ್ಕೆ ಇಳಿದರೆ ಅಲ್ಲಿಗೇ ನಿಲ್ಲಿಸಬೇಕು.

ಹೋಲಿಕೆಯ ಮಿತಿಯನ್ನೂ ಹೇಳಬೇಕು. ಕೋಡಿಯಲ್ಲಿ ಹರಿದ ನೀರು ಕೆರೆಯಿಂದ ಹೊರಹೋಗುತ್ತದೆ. ಇಲ್ಲಿ ರಕ್ತ ದೇಹದ ಹೊರಗೆ ಹೋಗುವುದಿಲ್ಲ; ಶ್ವಾಸಕೋಶವನ್ನು ಮುಟ್ಟದೆ ನೇರವಾಗಿ ಎಡಭಾಗಕ್ಕೆ ದಾಟುತ್ತದೆ. ಬಲಭಾಗದ ಹೊರೆ ಇಳಿಯುತ್ತದೆ, ಎಡಭಾಗಕ್ಕೆ ಹೆಚ್ಚು ರಕ್ತ ಬಂದು ತಲೆಸುತ್ತಿ ಬೀಳುವುದು ಕಡಿಮೆಯಾಗುತ್ತದೆ. ಆದರೆ ಆ ರಕ್ತದಲ್ಲಿ ಆಮ್ಲಜನಕ ಕಡಿಮೆ. ಹೊರೆ ಇಳಿದುದಕ್ಕೆ ನೀಲಿ ತುಟಿಯ ಬೆಲೆ ತೆರಬೇಕು. ಕೋಡಿಯನ್ನು ತೀರಾ ತಗ್ಗಿಸಿದರೆ ಕೆರೆಯಲ್ಲಿ ನೀರು ನಿಲ್ಲದಂತೆ, ತೂತು ದೊಡ್ಡದಾದರೆ ಆಮ್ಲಜನಕದ ಕೊರತೆಯಿಂದಲೇ ಪ್ರಾಣ ಹೋಗಬಹುದು. ಏರಿ ಬಿರಿದ ಮೇಲೆ ಕೋಡಿ ಕಡಿಯುವುದೂ ವ್ಯರ್ಥ: ಬಲ ಹೃತ್ಕರ್ಣದ ಸರಾಸರಿ ಒತ್ತಡ ೨೦ನ್ನು ಮೀರಿದವರಲ್ಲಿ, ಅಥವಾ ವಿಶ್ರಾಂತಿಯಲ್ಲಿಯೇ ಆಮ್ಲಜನಕ ಶೇ. ೮೫ಕ್ಕಿಂತ ಕಡಿಮೆ ಇರುವವರಲ್ಲಿ ಈ ಚಿಕಿತ್ಸೆ ಸಲ್ಲದು. ಇದು ರೋಗವನ್ನು ಗುಣಪಡಿಸುವುದೂ ಇಲ್ಲ. ಔಷಧ ಕೆಲಸ ಮಾಡಲು ಅಥವಾ ಕಸಿಗೆ ಅಂಗ ದೊರೆಯಲು ಕಾಲಾವಕಾಶ ಕೊಡುತ್ತದೆ, ಅಷ್ಟೆ.

ಇದೇ ತತ್ವದ ಇನ್ನೊಂದು ಶಸ್ತ್ರಚಿಕಿತ್ಸೆ ಮಕ್ಕಳಿಗೆ ಸಂಬಂಧಿಸಿದ್ದು. ೧೯೪೬ರಲ್ಲಿ ಷಿಕಾಗೋದ ವಿಲ್ಲಿಸ್ ಪಾಟ್ಸ್ ನೀಲಿ ಮಕ್ಕಳ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಕೊಡಲು ಮಹಾಅಪಧಮನಿಯ ಕೆಳಮುಖದ ಭಾಗವನ್ನೂ ಶ್ವಾಸಕೋಶದ ಎಡ ಅಪಧಮನಿಯನ್ನೂ ಕೂಡಿಸಿದ್ದ. ೨೦೦೪ರಲ್ಲಿ ಪ್ಯಾರಿಸಿನ ವೈದ್ಯರು ಅದೇ ಜೋಡಣೆಯನ್ನು ಎದುರು ದಿಕ್ಕಿನ ಹರಿವಿಗಾಗಿ ಬಳಸಿದ್ದನ್ನು ವರದಿ ಮಾಡಿದರು. ಶ್ವಾಸಕೋಶದ ಒತ್ತಡ ದೇಹದ ಒತ್ತಡವನ್ನು ಮೀರಿದ ಮಕ್ಕಳಲ್ಲಿ ರಕ್ತ ಈಗ ಶ್ವಾಸಕೋಶದ ನಾಳದಿಂದ ಮಹಾಅಪಧಮನಿಗೆ ಹರಿಯುತ್ತದೆ. ಇದರ ಜಾಣ್ಮೆ ಜೋಡಣೆಯ ಜಾಗದಲ್ಲಿದೆ. ತಲೆಗೆ ಮತ್ತು ತೋಳುಗಳಿಗೆ ಹೋಗುವ ಕವಲುಗಳು ಅದಕ್ಕಿಂತ ಮೇಲೆಯೇ ಒಡೆದಿರುವುದರಿಂದ ಮಿದುಳಿಗೂ ಹೃದಯದ ಸ್ನಾಯುವಿಗೂ ಆಮ್ಲಜನಕ ತುಂಬಿದ ರಕ್ತವೇ ಸಿಗುತ್ತದೆ. ಮಗುವಿನ ಕೈಬೆರಳು ಕೆಂಪಾಗಿದ್ದು ಕಾಲ್ಬೆರಳು ನೀಲಿಯಾಗಿರುತ್ತದೆ. ದಿಕ್ಕನ್ನು ಬಿಟ್ಟು ಶುದ್ಧಾಶುದ್ಧದ ಭಾಷೆಯಲ್ಲಿ ಇದನ್ನು ಹೇಳಲು ಹೊರಟರೆ ಯಾರಿಗೂ ಏನೂ ಅರ್ಥವಾಗಲಾರದು.

ಒಂದೇ ‘ಬಲೂನ್’, ಹಲವು ಕೆಲಸ

‘ಬಲೂನ್ ಹಾಕಿದರು’ ಎಂಬುದು ಈಗ ಕನ್ನಡದ್ದೇ ವಾಕ್ಯ. ಆದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳವನ್ನು ಹಿಗ್ಗಿಸಿದರೂ ಬಲೂನ್, ಕವಾಟವನ್ನು ಬಿಡಿಸಿದರೂ ಬಲೂನ್, ಮೇಲೆ ಹೇಳಿದಂತೆ ಗೋಡೆಯನ್ನು ತೆರೆದರೂ ಬಲೂನ್.

ನಮ್ಮ ದೇಶದ ಮಟ್ಟಿಗೆ ಇವುಗಳಲ್ಲಿ ಮುಖ್ಯವಾದದ್ದು ಮೈಟ್ರಲ್ ಕವಾಟದ ಬಲೂನು. ಮಕ್ಕಳ ಗಂಟಲುನೋವಿನ ಹಿಂದೆಯೇ ಬರುವ ರುಮ್ಯಾಟಿಕ್ ಜ್ವರ ಹೃದಯದ ಎಡಭಾಗದ ಈ ಕವಾಟವನ್ನು ಅಂಟಿಸಿಬಿಡುತ್ತದೆ. ಈ ಜ್ವರವನ್ನು ‘ಕೀಲುವಾತ ಜ್ವರ’ ಎಂದು ಕನ್ನಡಿಸಿರುವುದು ಅಷ್ಟೇನೂ ಉಪಕಾರ ಮಾಡಿಲ್ಲ. ವಾತವೆಂದರೆ ಮುದುಕರ ಮಂಡಿನೋವು ಎಂದುಕೊಳ್ಳುವವರಿಗೆ ಅದು ಹತ್ತು ವರ್ಷದ ಮಗುವಿನ ಹೃದಯಕ್ಕೆ ಕೈಹಾಕುತ್ತದೆಂದು ಹೊಳೆಯುವುದಿಲ್ಲ. ೪ರಿಂದ ೬ ಚದರ ಸೆಂಟಿಮೀಟರು ಇರಬೇಕಾದ ಕವಾಟದ ದಾರಿ ೧.೫ ಅಥವಾ ಅದಕ್ಕೂ ಕಡಿಮೆಯಾದಾಗ ಹಿಂದೆ ನಿ೦ತ ರಕ್ತದ ಒತ್ತಡ ಶ್ವಾಸಕೋಶಕ್ಕೆ ಏರುತ್ತದೆ. ಪಶ್ಚಿಮದಲ್ಲಿ ನಡುವಯಸ್ಸಿನಲ್ಲಿ ಕಾಣುವ ಈ ತೊಂದರೆ ಭಾರತದಲ್ಲಿ ಹರೆಯದಲ್ಲಿಯೇ ತೀವ್ರವಾಗುವುದನ್ನು ದೆಹಲಿಯ ಎಸ್.ಬಿ. ರಾಯ್ ಮತ್ತು ಸಂಗಡಿಗರು ೧೯೬೩ರಷ್ಟು ಹಿಂದೆಯೇ ತೋರಿಸಿದ್ದರು. ಜಪಾನಿನ ಕಾಂಜಿ ಇನೋವೆ ರೂಪಿಸಿ ೧೯೮೪ರಲ್ಲಿ ವರದಿ ಮಾಡಿದ ಬಲೂನು ಎದೆ ಸೀಳದೆಯೇ ಈ ಕವಾಟವನ್ನು ಬಿಡಿಸಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಮತ್ತು ಅದರ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಈ ಚಿಕಿತ್ಸೆಗೆ ದೇಶದಲ್ಲಿಯೇ ಹೆಸರಾದವರು. ಕವಾಟ ಬಿಡಿಸಿದೊಡನೆ ಒತ್ತಡ ಇಳಿಯತೊಡಗುತ್ತದೆ. ಏರೊತ್ತಡದ ಬಗೆಗಳಲ್ಲಿ ಇಷ್ಟು ನೇರವಾಗಿ ಪರಿಹಾರ ಕಾಣುವವು ಕಡಿಮೆ. ಸ್ವಾರಸ್ಯವೆಂದರೆ, ಬಲಭಾಗದಿಂದ ಎಡಭಾಗದ ಕವಾಟವನ್ನು ತಲುಪಲು ಈ ಬಲೂನು ಕೂಡ ನಡುಗೋಡೆಯನ್ನು ಚುಚ್ಚಿಕೊಂಡೇ ದಾಟುತ್ತದೆ. ತೂತು ಮಾಡದೆ ವಾಸಿಯಾಗದ ಹೃದಯಗಳು ಈ ಊರಿನಲ್ಲಿ ಎಷ್ಟೋ ಇವೆ.

ನಾಲ್ಕನೆಯ ಬಲೂನು ಶ್ವಾಸಕೋಶದ ಅಪಧಮನಿಯದ್ದೇ. ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ ಹರಿದುಬಂದು ಶ್ವಾಸಕೋಶದ ನಾಳಗಳಲ್ಲಿ ಸಿಕ್ಕಿಕೊಂಡು, ಕರಗದೆ ಗಾಯದ ಕಲೆಯಂತೆ ಗೋಡೆಗೆ ಬೆಸೆದುಕೊಂಡರೆ ಏರೊತ್ತಡ ಉಂಟಾಗುತ್ತದೆ. ಇದಕ್ಕೆ ಮೊದಲ ಆಯ್ಕೆ ಶಸ್ತ್ರಚಿಕಿತ್ಸೆ. ದೇಹವನ್ನು ಸುಮಾರು ೨೦ ಡಿಗ್ರಿಗೆ ತಣಿಸಿ, ರಕ್ತಪರಿಚಲನೆಯನ್ನೇ ಒಂದು ಸಲಕ್ಕೆ ೨೦ ನಿಮಿಷದೊಳಗೆ ಎಂಬ ಮಿತಿಯಲ್ಲಿ ನಿಲ್ಲಿಸಿ, ನಾಳದ ಒಳಪದರವನ್ನು ಆ ಕಲೆಯೊಡನೆ ಸಿಪ್ಪೆ ಬಿಡಿಸಿದಂತೆ ಕವಲುಕವಲಾಗಿ ಎಳೆದು ತೆಗೆಯುತ್ತಾರೆ. ಇದನ್ನು ಪಳಗಿಸಿದವರು ಅಮೆರಿಕದ ಸ್ಯಾನ್‌ಡಿಯಾಗೋದ ವೈದ್ಯರು. ನಮ್ಮಲ್ಲಿ ಬೊಮ್ಮಸಂದ್ರದ ನಾರಾಯಣ ಹೃದಯಾಲಯ ಇದನ್ನು ನಡೆಸುವ ಪ್ರಮುಖ ಕೇಂದ್ರಗಳಲ್ಲಿ ಒಂದು. ಕತ್ತರಿ ತಲುಪದಷ್ಟು ಸಣ್ಣ ಕವಲುಗಳಿಗೆ ಬಲೂನು. ೨೦೦೧ರಲ್ಲಿ ಬಾಸ್ಟನ್ನಿನಿಂದ ವರದಿಯಾದ ಈ ಕ್ರಮವನ್ನು ಸುರಕ್ಷಿತವಾಗಿ ಬೆಳೆಸಿದವರು ಜಪಾನಿನ ವೈದ್ಯರು. ರೋಗಿಯ ಬಾಯಲ್ಲಿ ಇವೆರಡೂ ‘ಬ್ಲಾಕ್ ತೆಗೆದರು’ ಎಂದಾಗಿ, ಸಾಮಾನ್ಯ ಹೃದಯಾಘಾತದ ಕಥೆಯೊಳಗೆ ಸೇರಿಹೋಗುತ್ತವೆ. ಊರಿಗೆ ಮರಳಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪರ್ಯಂತ ನುಂಗಬೇಕೆಂಬುದು ಆಗ ಮರೆಯುವುದು ಸುಲಭ.

ಔಷಧಗಳ ವಿಚಾರ ಇಲ್ಲಿ ವಿಸ್ತರಿಸಬೇಕಾದುದಲ್ಲ. ಸಿಲ್ಡೆನಾಫಿಲ್ ಎಂಬ ಮಾತ್ರೆಯ ಬಗ್ಗೆ ಮಾತ್ರ ಒಂದು ಮಾತು. ಅದು ಬೇರೊಂದು ಉಪಯೋಗದಿಂದ ಮನೆಮಾತಾಗಿರುವುದರಿಂದ ಹೆಣ್ಣುಮಗಳ ಹೆಸರಿನ ಚೀಟಿ ಹಿಡಿದು ಔಷಧದಂಗಡಿಗೆ ಹೋದ ತಂದೆ ಮುಜುಗರಪಡುವ ಪ್ರಸಂಗ ಊಹಿಸಲಾಗದ್ದೇನಲ್ಲ. ಇದನ್ನೂ ಮೊದಲೇ ಹೇಳಿ ಕಳಿಸಬೇಕು. ಕೊನೆಯ ದಾರಿ ಅಂಗ ಕಸಿ. ೧೯೮೧ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹೃದಯ ಮತ್ತು ಶ್ವಾಸಕೋಶಗಳನ್ನು ಒಟ್ಟಾಗಿ ಕಸಿ ಮಾಡಿದ ಮೊದಲ ಯಶಸ್ವಿ ಪ್ರಕರಣದ ರೋಗಿ ಇದೇ ಕಾಯಿಲೆಯ ಮಹಿಳೆ. ಕರ್ನಾಟಕದಲ್ಲಿ ಅಂಗದಾನವನ್ನು ನಿರ್ವಹಿಸುವ ಸರಕಾರಿ ಸಂಸ್ಥೆಗೆ ‘ಜೀವಸಾರ್ಥಕತೆ’ ಎಂಬ ಅರ್ಥವತ್ತಾದ ಕನ್ನಡ ಹೆಸರೇ ಇದೆ.

ಒಪ್ಪಿಗೆಯ ಕನ್ನಡ

೨೦೦೮ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನ ಪ್ರಕಾರ ರೋಗಿಯ ಒಪ್ಪಿಗೆ ನಿಜವಾದ ಒಪ್ಪಿಗೆಯಾಗಬೇಕಾದರೆ ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಬೇರೆ ದಾರಿಗಳು, ಮುಖ್ಯ ಅಪಾಯಗಳು ಮತ್ತು ನಿರಾಕರಿಸಿದರೆ ಆಗುವ ಪರಿಣಾಮಗಳನ್ನು ವೈದ್ಯರು ಮೊದಲೇ ತಿಳಿಸಿರಬೇಕು. ತಿಳಿಸುವುದೆಂದರೆ ಭಾಷೆಯ ಕೆಲಸ. ಪದಕೋಶದಿಂದ ಎತ್ತಿಕೊಂಡ ಪಾರಿಭಾಷಿಕ ಪದಗಳನ್ನು ಜೋಡಿಸಿದ ಒಪ್ಪಿಗೆಪತ್ರ ಕನ್ನಡ ಲಿಪಿಯಲ್ಲಿರುತ್ತದೆ, ನಿಜ. ಅದು ಕೇಳುವವರ ಕನ್ನಡವಾಗಿರುತ್ತದೆಂಬ ಖಾತರಿಯಿಲ್ಲ. ಮಾದರಿಗಾಗಿ, ಹೃತ್ಕರ್ಣದ ಗೋಡೆ ತೆರೆಯುವ ಚಿಕಿತ್ಸೆಯನ್ನು ಕೃಷ್ಣರಾಜಪುರದ ಕಡೆಯ ಒಬ್ಬ ತಾಯಿಗೆ ಹೇಳಬಹುದಾದ ರೀತಿಯನ್ನು ಆಡುಮಾತಿನಲ್ಲಿಯೇ ಇಲ್ಲಿ ಕಲ್ಪಿಸಿ ಕೊಡಲಾಗಿದೆ:

“ನೋಡಿಯಮ್ಮಾ, ಮಗಳ ಕೈಗೆ ಪಟ್ಟಿ ಸುತ್ತಿ ನೋಡೋ ಬಿಪಿ ಚೆನ್ನಾಗೇ ಇದೆ. ತೊಂದರೆ ಇರೋದು ಹೃದಯದ ಬಲಗಡೆಯಿಂದ ಶ್ವಾಸಕೋಶಕ್ಕೆ ಹೋಗೋ ದಾರೀಲಿ. ಆ ದಾರಿ ಕಿರಿದಾಗಿ ರಕ್ತ ಹಿಂದೆ ನಿಂತು, ಬಲಗಡೆ ಹೃದಯ ಉಬ್ಬಿಹೋಗಿದೆ. ಕೆರೆ ತುಂಬಿ ಏರಿ ಒಡೆಯೋ ಹಾಗಿದ್ದರೆ ಏನು ಮಾಡ್ತಾರೆ, ಕೋಡಿ ಬಿಡ್ತಾರಲ್ಲವಾ? ಹಾಗೆ ನಡುವಿನ ಗೋಡೇಲಿ ಒಂದು ಸಣ್ಣ ದಾರಿ ಮಾಡ್ತೀವಿ. ಎದೆ ಸೀಳೋದಿಲ್ಲ, ತೊಡೆಯಿಂದ ಹೋಗ್ತೀವಿ. ಆದ ಮೇಲೆ ತಲೆಸುತ್ತಿ ಬೀಳೋದು ಕಡಿಮೆ ಆಗಬಹುದು. ತುಟಿ ಮಾತ್ರ ಈಗಿಗಿಂತ ನೀಲಿ ಆಗುತ್ತೆ, ಅದಕ್ಕೆ ಹೆದರಬೇಡಿ. ಕಾಯಿಲೆ ಇದರಿಂದ ಹೋಗೋದಿಲ್ಲ, ಮಾತ್ರೆ ನಿಲ್ಲಿಸೋ ಹಾಗಿಲ್ಲ. ಮಾಡುವಾಗಲೇ ಜೀವಕ್ಕೆ ಅಪಾಯ ಆಗೋ ಸಾಧ್ಯತೆಯೂ ಇದೆ. ಮಾಡದೆ ಬಿಟ್ಟರೆ ಹೃದಯ ಇನ್ನೂ ಸೋಲ್ತಾ ಹೋಗುತ್ತೆ. ಮನೇಲಿ ಮಾತಾಡಿಕೊಂಡು ಹೇಳಿ.”

ತಾಯಿ ಕೇಳಬಹುದಾದ ಮೊದಲ ಪ್ರಶ್ನೆಯನ್ನೂ ಊಹಿಸಬಹುದು: “ಆಮೇಲೆ ಆ ತೂತು ಮುಚ್ಚಿಬಿಡ್ತೀರಾ ಡಾಕ್ಟ್ರೇ?” ಇದಕ್ಕೆ ಪ್ರಾಮಾಣಿಕವಾದ ಉತ್ತರ ಹೀಗಿರಬೇಕಾಗುತ್ತದೆ: “ಇಲ್ಲಮ್ಮಾ, ಮುಚ್ಚೋದಿಲ್ಲ. ಕೆಲವರಿಗೆ ಅದು ತಾನಾಗೇ ಮುಚ್ಚಿಕೊಂಡುಬಿಡುತ್ತೆ. ಹಾಗಾದರೆ ಮತ್ತೆ ಮಾಡಬೇಕಾಗಬಹುದು.”